ಹೂ ಕಟ್ಟೋನ ಹೆಬ್ಬೆರಳು

"ಗುರುಗಳೇ, ನಾನು ಇನ್ನೇನ್ ಮಾಡ್ಬೇಕು ಹೇಳಿ?" ಅಂತ ಕೇಳ್ದೆ. ಕೇಳ್ದೆ ಏನು, ಒಂದೇ ಉಸಿರಲ್ಲಿ ಎಲ್ಲಾ ಸುರಿದ್ಬಿಟ್ಟೆ. ನಮ್ಮಪ್ಪಂಗೆ ಪಾರ್ಕಿನ್ಸನ್, ಕೈ ನಡುಗುತ್ತೆ. ಅದು ಸಾಲದು ಅಂತ ಈಗ ಗೌಟ್, ಕಾಲಿನ ಹೆಬ್ಬೆರಳು ಊದ್ಕೊಂಡು ಕೆಂಡ ಆಗಿದೆ. ಒಬ್ಬ ಡಾಕ್ಟ್ರು ನಡೀರಿ ಅಂತಾರೆ, ಇನ್ನೊಬ್ರು ಕಾಲು ಊರಲೇಬೇಡಿ ಅಂತಾರೆ. ಯಾವ ತಾಪತ್ರಯಾನೂ ಬೇಡ ಅಂತ ನಾನು ಅಪ್ಪಂಗೆ ಒಂದು ಲೋಟ ಎತ್ತೋಕೂ ಬಿಡಲ್ಲ, ತಟ್ಟೆ ಮುಟ್ಟಿದ್ರೆ ಕಿತ್ಕೊಂಡು ನಾನೇ ತಿನ್ನಿಸ್ತೀನಿ. ಆದ್ರೂ ಅವರು ನನ್ನ ಮುಖ ನೋಡಲ್ಲ.

ಗುರುಗಳು ಕತೆ ಶುರು ಮಾಡಿದ್ರು.

ಒಬ್ಬ ಹೂ ಕಟ್ಟೋನಿದ್ದ. ಬಾಳೆನಾರಿನ ತುದೀನ ಕಾಲಿನ ಹೆಬ್ಬೆರಳಿಗೆ ಸುತ್ಕೊಂಡು, ಬಿಗಿಯಾಗಿ ಎಳ್ಕೊಂಡು, ದಿನಾ ದೇವಸ್ಥಾನಕ್ಕೆ ಎಂಟು ಮೊಳ ಕಟ್ಟೋನು. ನಲವತ್ತು ವರ್ಷ ಕಟ್ಟಿದ. ಆಮೇಲೆ ಅವನಿಗೂ ಇದೇ ಎರಡು ಬಂತು. ಕೈ ನಡುಗೋಕೆ ಶುರುವಾಯ್ತು. ನಾರು ಸುತ್ತೋ ಬೆರಳೇ ಊದ್ಕೊಳ್ತು, ಗಾಳಿ ತಾಗಿದ್ರೂ ಉರಿ.

ಮಗ ಹೂವಿನ ಬುಟ್ಟಿ ಎತ್ತಿಟ್ಟ. "ನೀನು ಸುಮ್ನೆ ಮಲಕ್ಕೋಪ್ಪಾ, ನಾನು ಕಟ್ತೀನಿ" ಅಂದ. ಅವತ್ತಿಂದ ಹೂ ಬರೋ ಹೊತ್ತಿಗೆ ಮುದುಕ ಗೋಡೆ ಕಡೆ ತಿರುಗಿ ಮಲಗೋನು. ಊಟಾನೂ ಬಿಟ್ಟ.

ಮಗ ಹೆದರಿದ. ನಾರು ಸುತ್ತೋಕೆ ಅಂತ ನೆಲದಲ್ಲಿ ಒಂದು ಗೂಟ ಹೊಡೆದುಕೊಟ್ಟ. ಗೂಟ ಅಲ್ಲಾಡಲ್ವಲ್ಲ, ಕೈ ನಡುಗಿದಾಗೆಲ್ಲ ನಾರು ಪಟ್ ಅಂತ ಹರಿದುಹೋಗೋದು.

ಆಗ ಮುದುಕನ ಹೆಂಡತಿ ಎದುರಿಗೆ ಬಂದು ಕೂತ್ಲು. ಕಾಲು ಚಾಚಿ, ನಾರನ್ನ ತನ್ನ ಹೆಬ್ಬೆರಳಿಗೆ ಸುತ್ಕೊಂಡ್ಲು.

"ಏನೇ ಇದು, ದೇವರ ಹೂವಿಗೆ ನಿನ್ನ ಕಾಲಾ?"

"ಇಷ್ಟು ವರ್ಷ ಸುತ್ತಿದ್ದೇನು ದೇವರ ಕಾಲಿಗಾ? ಕಟ್ಟಿ ಸುಮ್ನೆ."

ಕಟ್ಟಿದ. ಅವನ ಕೈ ನಡುಗಿದಾಗ ಅವಳ ಬೆರಳು ಒಂಚೂರು ಬಗ್ಗೋದು. ನಾರು ಸಡಿಲ ಆಗೋದು, ಹರೀತಿರ್ಲಿಲ್ಲ. ಬೆಳಿಗ್ಗೆ ಕೂತೋರು ಮಧ್ಯಾಹ್ನಕ್ಕೆ ಕಟ್ಟಿದ್ದು ಒಂದೇ ಮೊಳ, ಅದೂ ಸೊಟ್ಟ. ಅದನ್ನ ತೊಡೆ ಮೇಲೆ ಇಟ್ಕೊಂಡು ಮುದುಕ ಅಂದ, "ಹಸಿವಾಗ್ತಿದೆ ಕಣೇ."

ನನಗೆ ತಡೆಯೋಕಾಗ್ಲಿಲ್ಲ. "ಹಾಗಾದ್ರೆ ನಡುಕ ನಿಲ್ತಾ ಗುರುಗಳೇ? ಬೆರಳಿನ ನೋವು ಹೋಯ್ತಾ?"

"ಎರಡೂ ಹಾಗೇ ಇತ್ತು" ಅಂದ್ರು. ಆಮೇಲೆ ಬಗ್ಗಿ ನನ್ನ ಪಾದ ನೋಡಿದ್ರು.

"ನಿನ್ನ ಹೆಬ್ಬೆರಳು ಚೆನ್ನಾಗೇ ಇದೆಯಲ್ಲಪ್ಪಾ."