ಹನ್ನೊಂದನೇ ಅಧ್ಯಾಯದ ಊಟ

ಕಾದಂಬರಿಕಾರ ಕೆಂಪಯ್ಯ ಮೇಷ್ಟ್ರು ಬರೆಯುವುದನ್ನು ಬಿಟ್ಟು ಹೊಳೆದಂಡೆಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. ಬಂದವರಿಗೆಲ್ಲ ಊಟ ಹಾಕುತ್ತಿದ್ದುದರಿಂದ ಜನ ಅದನ್ನು ಆಶ್ರಮ ಎಂದು ಕರೆದರು.

ಉಂಡ ಮೇಲೂ ಉಳಿದ ಶಿಷ್ಯ ರುದ್ರೇಶ ಒಬ್ಬನೇ. ಮೇಷ್ಟ್ರ ಮೊದಲ ಕಾದಂಬರಿ ಓದಿ ಬಂದವನು. ಈಗ ಅದು ಮರುಮುದ್ರಣವಾಗುತ್ತಿತ್ತು. ತಿದ್ದುವ ಕೆಲಸ ಅವನ ಪಾಲಿಗೆ ಬಂದಿತ್ತು.

"ಹೇಗಿದೆಯೋ ನನ್ನ ಚೊಚ್ಚಲು?" ನಾಳೆಗೆ ಹುರುಳಿ ಆರಿಸುತ್ತ ಮೇಷ್ಟ್ರು ಕೇಳಿದರು.

"ಅದರಲ್ಲಿ ಯಾರು ಹಸಿದರೂ ನನ್ನ ಹೊಟ್ಟೆ ಚುರುಗುಟ್ಟುತ್ತದೆ, ಮೇಷ್ಟ್ರೇ. ಆಮೇಲಿನ ಪುಸ್ತಕಗಳಲ್ಲಿ ಎಲ್ಲರೂ ಉಂಡೇ ಮಾತಾಡುತ್ತಾರೆ."

"ಹೊಗಳಿಕೆ ಮುಗಿಯಿತಲ್ಲ. ಮುಂದೆ ಹೇಳು."

"ಚಂದ್ರ ಜಾಸ್ತಿ. ಅಮಾವಾಸ್ಯೆಯ ದಿನವೂ ಬಂದಿದ್ದಾನೆ."

"ಹೊಡೆದುಹಾಕು."

"ನಾಯಕಿ ಸಾಯುತ್ತ ನಾಲ್ಕು ಪುಟ ಮಾತಾಡುತ್ತಾಳೆ."

"ಬೇಗ ಕಳಿಸಿಕೊಡು, ಪಾಪ."

ರುದ್ರೇಶ ತಡವರಿಸಿದ. "ಇನ್ನೊಂದಿದೆ. ನಾಯಕನ ತಾಯಿ ಮೂರನೇ ಅಧ್ಯಾಯದಲ್ಲಿ ತೀರಿಕೊಳ್ಳುತ್ತಾಳೆ. ಹನ್ನೊಂದರಲ್ಲಿ ಬಂದು ಅವನಿಗೆ ಮುದ್ದೆ ಬಡಿಸುತ್ತಾಳೆ."

ಮೇಷ್ಟ್ರ ಕೈ ಮೊರದಲ್ಲೇ ನಿಂತಿತು.

"ಮೊದಲ ಸಲ ಅಚ್ಚಾಗುವಾಗ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನೂ ಇದನ್ನೇ ಕೇಳಿದ್ದ."

"ಏನಂದಿರಿ?"

"ಮರೆತುಹೋಯಿತು ಅಂದೆ. ಹೊಸ ಬರಹಗಾರ ಅಂತ ಕನಿಕರಪಟ್ಟ."

"ಈಗಿನವರು ಕನಿಕರಪಡುವುದಿಲ್ಲ. ನಗುತ್ತಾರೆ. ನಿಮ್ಮನ್ನು ನೋಡಿ ನಕ್ಕರೆ ನನಗೆ ತಡೆದುಕೊಳ್ಳಲಾಗದು. ತಾಯಿಯ ಬದಲು ಸೋದರತ್ತೆ ಅಂತ ಹಾಕುತ್ತೇನೆ. ಅವಳು ಕೊನೆಯ ಪುಟದವರೆಗೂ ಬದುಕಿರುತ್ತಾಳೆ."

ಮೇಷ್ಟ್ರು ಮೊರ ಬದಿಗಿಟ್ಟು ಎದ್ದರು. ಒಳಗೆ ಹೋಗಿ ತಟ್ಟೆ ತಂದರು. ಮುದ್ದೆ ಇಟ್ಟು, ಸಾರು ಬಿಟ್ಟು, ಅವನ ಎದುರು ಕೂತರು.

ರುದ್ರೇಶ ಉಂಡ. ಮೇಷ್ಟ್ರು ನೋಡುತ್ತಿದ್ದರು.

"ನೀವು ಉಣ್ಣಲ್ವಾ?"

"ನಮ್ಮವ್ವ ಹೀಗೇ ಕೂರುತ್ತಿದ್ದಳು. ಆ ಮೂರನೇ ಅಧ್ಯಾಯ ಬರೆಯುವಾಗ ಹೋದಳು."

ತುತ್ತು ರುದ್ರೇಶನ ಕೈಯಲ್ಲೇ ಉಳಿಯಿತು.

"ಹಾಗಾದರೆ ಸೋದರತ್ತೆ ಬೇಡವಾ?" ಕೇಳಿದ.

ಮೇಷ್ಟ್ರು ಇನ್ನೊಂದು ಸೌಟು ಸಾರು ಬಿಟ್ಟರು.

"ಹನ್ನೊಂದರಲ್ಲಿ ಆ ಹುಡುಗ ಎಲ್ಲೆಲ್ಲೋ ಅಲೆದು, ಹೊತ್ತು ಮೀರಿ, ಹಸಿದುಕೊಂಡು ಮನೆಗೆ ಬಂದಿದ್ದಾನೆ ಕಣಪ್ಪ. ನೀನೇ ಹೇಳು, ಯಾರನ್ನು ಎಬ್ಬಿಸಲಿ?"