ಅಂಬಿಗ ಚೆಲ್ಲಿದ ಅರಳು

“ಗುರುಗಳೇ, ತೀರ ಹೊರಗಿರುವ ಆ ನಾಲ್ಕಾರು ಗುಚ್ಛಗಳನ್ನು ಲೆಕ್ಕದಿಂದ ಬಿಟ್ಟುಬಿಡಲೇ?” ಎಂದು ಶಿಷ್ಯ ಮಲ್ಲಿನಾಥ ಕೇಳಿದ.

ಗುರುಗಳು ಅವನಿಗೆ ಒಂದು ಅಂಡಾಕಾರದ ಗೆಲಾಕ್ಸಿಯನ್ನು ತೋರಿಸಿ, ಅದರ ಸುತ್ತ ತಿರುಗುವ ನಕ್ಷತ್ರಗುಚ್ಛಗಳ ವೇಗವನ್ನು ಅಳೆಯಲು ಹೇಳಿದ್ದರು.

“ಯಾಕೆ ಬಿಡಬೇಕು?”

“ಒಳಗಿನವು ಸರಿಯಾಗಿವೆ. ಹೊರಗಿನವು ಹುಚ್ಚು ಹಿಡಿದಂತೆ ಓಡುತ್ತಿವೆ, ಒಂದೊಂದು ಒಂದೊಂದು ದಿಕ್ಕಿಗೆ. ಆ ವೇಗಕ್ಕೆ ಅವು ಎಂದೋ ಕೈತಪ್ಪಿ ಹೋಗಬೇಕಿತ್ತು. ಹಿಡಿದಿಡುವಷ್ಟು ತೂಕ ಅಲ್ಲಿ ಕಾಣುವುದಿಲ್ಲ. ಅವನ್ನು ಹಿಡಿದಿಡುವ, ಕಣ್ಣಿಗೆ ಬೀಳದ ಕಪ್ಪು ದ್ರವ್ಯ ಅಲ್ಲಿ ಇದೆ ಎನ್ನುತ್ತಾರೆ. ಕಾಣದ್ದನ್ನು ಹೇಗೆ ನಂಬಲಿ? ನನ್ನ ಅಳತೆಯೇ ತಪ್ಪಿರಬೇಕು. ಅವನ್ನು ಬಿಟ್ಟರೆ ಎಲ್ಲ ಸರಿಹೋಗುತ್ತದೆ.”

“ಭಲೇ! ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಜಾಣ ನೀನು. ಕೂತುಕೋ,” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಅಂಬಿಗನಿದ್ದ. ಅವನ ಮಗಳ ಮದುವೆ ಹೊಳೆಯಾಚೆ ನಿಶ್ಚಯವಾಗಿತ್ತು. ಮುಹೂರ್ತ ಹತ್ತಿರ ಬಂದಿತ್ತು. ಮಗಳನ್ನು ಅವನು ತನ್ನ ಹರಿಗೋಲಿನಲ್ಲಿ ಕೂರಿಸಿದ.

ಹರಿಗೋಲು ಬಿಡುವ ಮುನ್ನ ಹೊಳೆಗೆ ಭತ್ತದ ಅರಳು ಚೆಲ್ಲುವುದು ಆ ಅಂಬಿಗರ ಪದ್ಧತಿ. ಗಂಗಮ್ಮನಿಗೆ ಕಾಣಿಕೆಯೂ ಆಯಿತು, ನೀರಿನ ಓಟ ತಿಳಿದಂತೆಯೂ ಆಯಿತು. ಅರಳು ಹೋಗುವ ದಾರಿ ನೋಡಿಯೇ ಹುಟ್ಟು ಹಾಕಬೇಕು. ಅಂಬಿಗ ಬೊಗಸೆ ತುಂಬ ಚೆಲ್ಲಿದ. ನಡುಹೊಳೆಯಲ್ಲಿ ಬುಟ್ಟಿಯಷ್ಟಗಲದ ಒಂದು ಸುಳಿ ಕಾಣುತ್ತಿತ್ತು. ಅದರ ಹತ್ತಿರ ಬಿದ್ದ ಅರಳು ಸುತ್ತಿತು. ಅದು ಸಹಜ. ಆದರೆ ಸುಳಿಯಿಂದ ಬಹು ದೂರ, ನೀರು ಸುಮ್ಮನಿರುವಂತೆ ಕಂಡ ಕಡೆ ಬಿದ್ದದ್ದೂ ಅಷ್ಟೇ ಜೋರಾಗಿ ಸುತ್ತು ಬರುತ್ತಿತ್ತು.

ಮಗಳು ಅದನ್ನು ಕಂಡಳು. “ಅಪ್ಪಾ, ಅಷ್ಟು ದೂರದ್ದು ಯಾಕೆ ಹಾಗೆ ಓಡುತ್ತಿದೆ?”

“ಗಾಳಿ ಕಣವ್ವಾ. ಸುಳಿ ಎಷ್ಟಿದೆ ಎಂದು ಕಾಣುತ್ತಿಲ್ಲವೇ? ಅದನ್ನು ಬಳಸಿಕೊಂಡು ಹೋದರಾಯಿತು.”

ಗಾಳಿ ಎಲ್ಲಿತ್ತು, ಮಹಾರಾಯ! ಅವಳ ಸೆರಗು ಕೂಡ ಅಲುಗುತ್ತಿರಲಿಲ್ಲ. ಮುಹೂರ್ತ ಮೀರೀತೆಂಬ ಅವಸರದಲ್ಲಿ ಅಂಬಿಗ ಅದನ್ನು ನೋಡಲಿಲ್ಲ.

ಸುಳಿಯನ್ನು ದೂರವೇ ಬಿಟ್ಟು ಅವನು ಆ ಸುಮ್ಮನಿದ್ದ ನೀರಿಗೆ ಹರಿಗೋಲು ತಂದ. ತಂದದ್ದೇ ತಡ, ಅದು ಬುಗುರಿಯಂತೆ ತಿರುಗಿತು. ಹುಟ್ಟು ಕೈಯಿಂದ ಕಿತ್ತುಹೋಯಿತು. ಅಯ್ಯೋ, ಕೂಗಿಕೊಳ್ಳಲೂ ಹೊತ್ತು ಸಿಗಲಿಲ್ಲ. ಹರಿಗೋಲು ಮಗುಚಿತು. ಮೇಲೆ ಬುಟ್ಟಿಯಷ್ಟೇ ಕಂಡ ಸುಳಿಯ ಅಡಿಯಲ್ಲಿ ಅರ್ಧ ಹೊಳೆಯನ್ನೇ ನುಂಗುವಂಥ ಮಡು ಇತ್ತು. ಅಂಬಿಗ ಹೇಗೋ ಈಜಿ ದಡ ಹಿಡಿದ. ಆಚೆ ಮದುವೆ ಮನೆಯಲ್ಲಿ ಓಲಗ ಇನ್ನೂ ನುಡಿಯುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಮಗಳು? ಮಗಳು ಸಿಕ್ಕಳೇ, ಗುರುಗಳೇ?”

“ಯಾರ ಕಣ್ಣಿಗೂ ಬೀಳಲಿಲ್ಲ; ಆದರೂ ಅಂಬಿಗ ಹುಟ್ಟು ಹಾಕುವ ಹರಿಗೋಲು ಇವತ್ತಿಗೂ ಕಾಣದ ಅವಳನ್ನೇ ಸುತ್ತುತ್ತಿದೆ.”