ಏಳು ಬಾಗಿಲ ಕೋಳಿಗೂಡು

ಒಂದು ಕಾಡಿನ ಅಂಚಿನಲ್ಲಿ ಒಂದು ಕೆರೆ, ಕೆರೆಯ ಈ ದಡದಲ್ಲಿ ಒಂದು ಹಾಳು ಹಿತ್ತಲು. ಆ ಹಿತ್ತಲಿನಲ್ಲಿ ಕೆಂಜುಟ್ಟಪ್ಪನೆಂಬ ಹುಂಜವೂ ಅವನ ಹೆಂಡತಿ ಚುಕ್ಕವ್ವನೆಂಬ ಹೇಂಟೆಯೂ ಸಂಸಾರ ಮಾಡಿಕೊಂಡಿದ್ದರು. ಸಂಸಾರವನ್ನು ಚುಕ್ಕವ್ವ ಮಾಡುತ್ತಿದ್ದಳು. ಕೆಂಜುಟ್ಟಪ್ಪ ತಿಪ್ಪೆಯ ಮೇಲೆ ನಿಂತು ಅದನ್ನು ಊರಿಗೆಲ್ಲ ಕೂಗಿ ಹೇಳುತ್ತಿದ್ದ. ಇಂಥ ಯಜಮಾನರನ್ನು ನೀವೂ ನೋಡಿರುತ್ತೀರಿ ಮಕ್ಕಳೇ, ಹೆಸರು ಮಾತ್ರ ಹೇಳಬೇಡಿ.

ಆಗ ಚುಕ್ಕವ್ವ ಹುಣಸೆಮರದ ಬುಡದಲ್ಲಿ ಒಂದು ಮುರುಕು ಬುಟ್ಟಿಯೊಳಗೆ ಒಂಬತ್ತು ಮೊಟ್ಟೆಗಳಿಗೆ ಕಾವು ಕೊಡುತ್ತಾ ಕೂತಿದ್ದಳು. ಮರಿಗಳು ಹೊರಬರಲು ಇನ್ನು ಐದೇ ದಿನ. ಆದರೆ ಪ್ರತಿದಿನ ಬೆಳಗಾದರೆ ಮರದ ಸುತ್ತ ಗುಳ್ಳೆನರಿಯ ಹೆಜ್ಜೆಗುರುತು ಕಾಣುತ್ತಿತ್ತು. ನಿನ್ನೆ ದೂರದಲ್ಲಿದ್ದ ಹೆಜ್ಜೆ ಇವತ್ತು ಬುಟ್ಟಿಯ ಹತ್ತಿರವೇ ಇತ್ತು. ಚುಕ್ಕವ್ವನಿಗೆ ತುಂಬ ಭಯವಾಯಿತು.

"ರೀ, ಒಂದು ಗೂಡು ಕಟ್ಟಿ. ಮೂರು ಕಡೆ ಗೋಡೆ, ಒಂದು ಬಾಗಿಲು, ಅದಕ್ಕೊಂದು ಚಿಲಕ. ಅಷ್ಟಿದ್ದರೆ ನನ್ನ ಮಕ್ಕಳು ಉಳಿಯುತ್ತವೆ," ಎಂದಳು.

ಕೆರೆಯ ಆಚೆ ದಡದಲ್ಲಿ ಒಂದು ಹಳೇ ಛತ್ರವನ್ನು ಕೆಡವಿ, ಬೇಡದ ಸಾಮಾನನ್ನೆಲ್ಲ ಬಯಲಿಗೆ ಸುರಿದಿದ್ದರು. ಹಲಗೆ, ತಗಡು, ತಂತಿಬಲೆ, ಇಟ್ಟಿಗೆ, ಏನು ಬೇಕಾದರೂ ಬಿಟ್ಟಿ. ಸಾಮಾನು ಹೊರಲು ಪಕ್ಕದ ಮೂಟಣ್ಣನೆಂಬ ಕತ್ತೆ ಒಪ್ಪಿಕೊಂಡ. ಕೂಲಿ ಏನೂ ಬೇಡ, ಗೃಹಪ್ರವೇಶದ ದಿನ ಪ್ರಸಾದ ಕೊಟ್ಟರೆ ಸಾಕು ಎಂದ.

ಕೆಂಜುಟ್ಟಪ್ಪ ಹಲಗೆ ತರಲೆಂದೇ ಹೋದ. ಆದರೆ ಆ ರಾಶಿಯಲ್ಲಿ ಮೊದಲು ಅವನ ಕಣ್ಣಿಗೆ ಬಿದ್ದದ್ದು ಪೂಜೆಕೋಣೆಯ ಬಾಗಿಲು. ಅದರ ತುಂಬ ಪುಟ್ಟ ಪುಟ್ಟ ಗಂಟೆಗಳು. ಕೊಕ್ಕಿನಿಂದ ಒಮ್ಮೆ ಕುಟುಕಿದರೆ ಎಲ್ಲವೂ ಕಿಣಿಕಿಣಿ ಎಂದವು. ಅಲ್ಲಿಗೆ ಅವನ ತಲೆ ಕೆಟ್ಟಿತು. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಹಾಗೆ, ಅದಾದ ಮೇಲೆ ಮಸಿ ಹಿಡಿದ ಅಡುಗೆಮನೆಯ ಬಾಗಿಲು ತಂದ. ಕೆಳಗಡೆ ಕೊಳೆತು ತೂತಾಗಿದ್ದ ಬಚ್ಚಲಮನೆಯ ಬಾಗಿಲು ತಂದ. ಇನ್ನೂ ಮೂರು ಸಾದಾ ಬಾಗಿಲು ತಂದ. ಎಲ್ಲಕ್ಕಿಂತ ಕೊನೆಗೆ ತಂದದ್ದು ಛತ್ರದ ಕಚೇರಿಯ ಬಾಗಿಲು. ಅದರ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ದಪ್ಪಕ್ಷರ. ಮೂಟಣ್ಣ ಹಿಂದೆ ಶಾಲೆಗೆ ಪುಸ್ತಕದ ಮೂಟೆ ಹೊತ್ತವನಾದ್ದರಿಂದ ಅವನಿಗೆ ನಾಲ್ಕಕ್ಷರ ಬರುತ್ತಿತ್ತು. ಅವನು ಓದಿ ಹೇಳಿದ: "ಅಪ್ಪಣೆಯಿಲ್ಲದೆ ಒಳಗೆ ಬರಬಾರದು."

ಕೆಂಜುಟ್ಟಪ್ಪ ಅದನ್ನು ಏಳು ಸಲ ಓದಿಸಿಕೊಂಡ.

ಹೀಗೆ ಏಳು ಬಾಗಿಲು ಚೌಕಟ್ಟಿನ ಸಮೇತ ಹಿತ್ತಲಿಗೆ ಬಂದವು. ಗೋಡೆಗೆ ಮಾತ್ರ ಒಂದೇ ಒಂದು ಹಲಗೆಯೂ ಬರಲಿಲ್ಲ. ಕೆಂಜುಟ್ಟಪ್ಪ ಏಳನ್ನೂ ದುಂಡಗೆ ನಿಲ್ಲಿಸಿ, ತೆಂಗಿನ ನಾರಿನ ಹಗ್ಗದಿಂದ ಒಂದಕ್ಕೊಂದು ಕಟ್ಟಿ, ಮೇಲೆ ತಗಡು ಹೊದಿಸಿದ.

ಚುಕ್ಕವ್ವ ನೋಡಿ ದಂಗಾದಳು. ಆಗಲಿ, ಆರು ಬಾಗಿಲಿಗೆ ಮೊಳೆ ಹೊಡೆದುಬಿಡಿ, ಅವೇ ಗೋಡೆಯಾಗುತ್ತವೆ ಎಂದು ಕೇಳಿಕೊಂಡಳು. ಕೆಂಜುಟ್ಟಪ್ಪನಿಗೆ ಸಿಟ್ಟು ಬಂತು.

"ಬಾಗಿಲಿಗೆ ಮೊಳೆ ಹೊಡೆಯುವುದೇ? ಈ ಕೆರೆ ಸುತ್ತ ಯಾರ ಮನೆಗಾದರೂ ಏಳು ಬಾಗಿಲು ಇದೆಯೇನೇ?"

"ಚಿಲಕ ಎಷ್ಟಿವೆ?"

ಚಿಲಕ ಒಂದೇ ಇತ್ತು. ಉಳಿದವನ್ನು ಗುಜರಿಯವರು ಕಿತ್ತುಕೊಂಡು ಹೋಗಿದ್ದರು. ಇದಕ್ಕೂ ಕೆಂಜುಟ್ಟಪ್ಪನ ಹತ್ತಿರ ಉಪಾಯವಿತ್ತು. ದಿನಕ್ಕೊಂದು ಬಾಗಿಲಿನಂತೆ ಸರದಿಯ ಮೇಲೆ ಚಿಲಕ ಹಾಕುವುದು, ಒಂದು ವಾರಕ್ಕೆ ಏಳೂ ಬಾಗಿಲು ಮುಗಿಯುತ್ತವೆ, ಯಾವ ಬಾಗಿಲಿಗೂ ಬೇಸರವಾಗುವುದಿಲ್ಲ. ಈ ಲೆಕ್ಕ ಕೇಳಿ ಮೂಟಣ್ಣ ಕೂಡ ಕಿವಿ ಕೆರೆದುಕೊಂಡ. ಕತ್ತೆಗೇ ಅನುಮಾನ ಬಂದಿತೆಂದರೆ ನೀವೇ ಯೋಚಿಸಿ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಈ ಜುಟ್ಟಿನ ಯಜಮಾನನಿಗೆ ಅದನ್ನು ಹೇಳಿ ಪ್ರಯೋಜನವಿರಲಿಲ್ಲ. ಚುಕ್ಕವ್ವ ಅವನ ಜೊತೆ ವಾದ ಮಾಡುವುದನ್ನು ಬಿಟ್ಟಳು. ಮೂಟಣ್ಣ ಆ ರಾಶಿಯಿಂದ ತನ್ನಷ್ಟಕ್ಕೆ ತಂದು ಹಾಕಿದ್ದ ಒಂದು ದೊಡ್ಡ ಕೊಪ್ಪರಿಗೆ ಮೂಲೆಯಲ್ಲಿ ಬಿದ್ದಿತ್ತು. ಛತ್ರದಲ್ಲಿ ಸಾವಿರ ಜನಕ್ಕೆ ಸಾರು ಕುದಿಸುತ್ತಿದ್ದ ಕೊಪ್ಪರಿಗೆ ಅದು. ತಳ ತೂತಾದ್ದರಿಂದ ಎಸೆದಿದ್ದರು.

"ಮೂಟಣ್ಣ, ಅದನ್ನು ಗೂಡಿನ ಮಧ್ಯಕ್ಕೆ ತಂದು ನನ್ನ ಬುಟ್ಟಿಯ ಮೇಲೆ ಬೋರಲು ಹಾಕುತ್ತೀಯಾ? ಒಂದು ಬದಿ ಎತ್ತಿ ಕೋಲು ಆನಿಸಿ ಕೊಡು," ಎಂದಳು ಚುಕ್ಕವ್ವ.

"ಉಸಿರು ಕಟ್ಟುವುದಿಲ್ಲವೇ ತಾಯಿ?"

"ಮೇಲೆ ತೂತಿದೆಯಲ್ಲ."

ಕೆಂಜುಟ್ಟಪ್ಪನಿಗೆ ನಾಚಿಕೆಯಾಯಿತು. ಏಳು ಬಾಗಿಲ ಅರಮನೆಯ ನಡುವೆ ಬಾಗಿಲೇ ಇಲ್ಲದ ಮಸಿಪಾತ್ರೆಯಲ್ಲಿ ಹೆಂಡತಿ ಕೂತರೆ ಬಂದವರು ಏನಂದುಕೊಂಡಾರು ಎಂದು ಅದರ ಮೇಲೆ ಒಂದು ಬಾಳೆಲೆ ಮುಚ್ಚಿದ. ಚುಕ್ಕವ್ವ ಒಳಗಿನಿಂದ ಕೊಕ್ಕು ಹಾಕಿ ಎಲೆಯನ್ನು ಹರಿದಳು.

ಮಾರನೆಯ ಬೆಳಗ್ಗೆ ಗೃಹಪ್ರವೇಶ. ಕಪ್ಪೆಗಳು, ಬಾತುಗಳು, ಅಳಿಲುಗಳು ಎಲ್ಲರೂ ಬಂದರು. ಕೆಂಜುಟ್ಟಪ್ಪ ಪೂಜೆಕೋಣೆಯ ಬಾಗಿಲಿನ ಗಂಟೆ ಬಾರಿಸಿ ಎಲ್ಲರಿಗೂ ಬೆಲ್ಲ ಮತ್ತು ಹುರಿಗಡಲೆ ಹಂಚಿದ. ಮೂಟಣ್ಣ ಮೂರು ಸಲ ಈಸಿಕೊಂಡ. ಅಷ್ಟರಲ್ಲಿ ಕರೆಯದೇ ಇದ್ದ ಒಬ್ಬ ಅತಿಥಿ ಹೆಗಲ ಮೇಲೆ ಶಲ್ಯ ಹಾಕಿಕೊಂಡು ಬಂದ. ಅವನೇ ಗುಳ್ಳೆನರಿ ಗುಳ್ಳಪ್ಪ. ಅಳಿಲುಗಳು ಮರ ಹತ್ತಿದವು, ಕಪ್ಪೆಗಳು ನೀರಿಗೆ ಹಾರಿದವು, ಬಾತುಗಳಿಗೆ ಮನೆಯಲ್ಲಿ ಕೆಲಸ ನೆನಪಾಯಿತು.

ಗುಳ್ಳಪ್ಪ ಕಚೇರಿಯ ಬಾಗಿಲ ಮುಂದೆ ನಿಂತು, ಹಲಗೆಯನ್ನು ನಿಧಾನವಾಗಿ ಓದಿ, ಕೈಮುಗಿದ. "ಯಜಮಾನರೇ, ಒಳಗೆ ಬರಲು ಅಪ್ಪಣೆಯೇ?"

ಕೆಂಜುಟ್ಟಪ್ಪನನ್ನು ಜನ್ಮದಲ್ಲಿ ಯಾರೂ ಅಪ್ಪಣೆ ಕೇಳಿರಲಿಲ್ಲ. ಅವನ ಎದೆ ಉಬ್ಬಿತು. ಬನ್ನಿ ಬನ್ನಿ ಎಂದು ಕರೆದ. ಮನೆಗೆ ಬಂದವರಿಗೆ ಮನೆ ತೋರಿಸುವುದು ಪದ್ಧತಿ. ಆದ್ದರಿಂದ ಇದು ಹೀಗೆ ತೆರೆಯುತ್ತದೆ, ಅದು ಹಾಗೆ ತೆರೆಯುತ್ತದೆ ಎಂದು ಏಳನ್ನೂ ತೆರೆದು ತೋರಿಸಿ, ಚಿಲಕದ ಸರದಿಯ ಲೆಕ್ಕವನ್ನೂ ವಿವರಿಸಿದ. ಮೂಟಣ್ಣ ಅಲ್ಲೇ ಇದ್ದುದರಿಂದ ಗುಳ್ಳಪ್ಪ ಬಾಲ ಮಡಚಿಕೊಂಡು ಒಳ್ಳೆಯವನಂತೆ ತಲೆದೂಗಿದ. ಕೊನೆಗೆ ಒಂದು ಸಣ್ಣ ಪ್ರಶ್ನೆ ಕೇಳಿದ. "ಇವತ್ತು ಚಿಲಕದ ಸರದಿ ಯಾರದು?"

"ಪೂಜೆಕೋಣೆಯ ಬಾಗಿಲಿನದು," ಎಂದ ಕೆಂಜುಟ್ಟಪ್ಪ, ಹಾಕಿಯೂ ತೋರಿಸಿದ.

ಕೊಪ್ಪರಿಗೆಯೊಳಗೆ ಚುಕ್ಕವ್ವ ಹಣೆ ಚಚ್ಚಿಕೊಂಡಳು. ಢಣ್ ಎಂದು ಸದ್ದಾಯಿತು.

ಮಧ್ಯಾಹ್ನವಾಯಿತು. ಮೂಟಣ್ಣ ಕೆರೆಯ ಏರಿಯ ಮೇಲೆ ನಿದ್ದೆ ಹೋದ. ಕೆಂಜುಟ್ಟಪ್ಪ ಗೂಡಿನೊಳಗೆ ತೂಕಡಿಸುತ್ತಿದ್ದ. ಆಗ ಹೊರಗಿನಿಂದ ಜೇನಿನಂಥ ದನಿ ಬಂತು. "ಯಜಮಾನರೇ, ಒಳಗೆ ಬರಲು ಅಪ್ಪಣೆಯೇ?"

"ಕೊಡಬೇಡಿ," ಎಂದಳು ಚುಕ್ಕವ್ವ.

"ಅಪ್ಪಣೆ," ಎಂದ ಕೆಂಜುಟ್ಟಪ್ಪ ಕಣ್ಣುಮುಚ್ಚಿಕೊಂಡೇ.

ಬಾಗಿಲು ತೆರೆಯಿತು. ಗುಳ್ಳಪ್ಪನ ಹೆಗಲಲ್ಲಿ ಈಗ ಶಲ್ಯ ಇರಲಿಲ್ಲ, ಬಾಯಲ್ಲಿ ಹಲ್ಲಿದ್ದವು. ಚುಕ್ಕವ್ವ ಆನಿಸಿದ್ದ ಕೋಲನ್ನು ಒದ್ದಳು. ಕೊಪ್ಪರಿಗೆ ಧೊಪ್ಪನೆ ನೆಲಕ್ಕೆ ಕೂತಿತು. ಗುಳ್ಳಪ್ಪ ಅದನ್ನು ನೂಕಿದ, ಕಚ್ಚಿದ, ಕೆರೆದ. ಸಾವಿರ ಜನಕ್ಕೆ ಸಾರು ಕೊಟ್ಟ ಕೊಪ್ಪರಿಗೆ ಒಬ್ಬ ನರಿಗೆ ಜಗ್ಗುತ್ತದೆಯೇ? ಅವನು ಮೊಟ್ಟೆಯ ಆಸೆ ಬಿಟ್ಟು ಹುಂಜದ ಕಡೆ ತಿರುಗಿದ.

ಕೆಂಜುಟ್ಟಪ್ಪ ಎದ್ದೆನೋ ಬಿದ್ದೆನೋ ಎಂದು ಅಡುಗೆಮನೆಯ ಬಾಗಿಲಿನಿಂದ ಹೊರಗೆ ಓಡಿದ. ಗುಳ್ಳಪ್ಪ ಹಿಂದೆಯೇ ಓಡಿದ. ಹುಂಜ ಬಚ್ಚಲಮನೆಯ ಬಾಗಿಲಿನಿಂದ ಒಳಗೆ ಬಂದ, ನರಿಯೂ ಬಂದ. ಹುಂಜ ಕಚೇರಿಯ ಬಾಗಿಲಿನಿಂದ ಹೊರಗೆ ಹೋದ, ನರಿಯೂ ಹೋದ. ಸುತ್ತಿ ಸುತ್ತಿ ಇಬ್ಬರಿಗೂ ತಲೆತಿರುಗಿತು. ಒಂದು ಸಲವಂತೂ ಕೆಂಜುಟ್ಟಪ್ಪನೇ ನರಿಯ ಹಿಂದೆ ಓಡುತ್ತಿದ್ದ, ಇಬ್ಬರಿಗೂ ಅದು ಗೊತ್ತಾಗಲಿಲ್ಲ. ಕೊನೆಗೆ ಹಲ್ಲು ಬಾಲಕ್ಕೆ ತಗಲಿತು. ಬಾಲದ ಗರಿಗಳಷ್ಟೂ ನರಿಯ ಬಾಯಲ್ಲಿ ಉಳಿದವು. ಕೆಂಜುಟ್ಟಪ್ಪ ಕಣ್ಣು ಕಾಣದೆ ಎದುರಿಗಿದ್ದ ಬಾಗಿಲಿಗೆ ನುಗ್ಗಿದ.

ಅದು ಇವತ್ತಿನ ಸರದಿಯ ಬಾಗಿಲು. ಚಿಲಕ ಅಲುಗಲಿಲ್ಲ. ಅವನ ಹಣೆ ಬಡಿದ ರಭಸಕ್ಕೆ ಗಂಟೆಗಳೆಲ್ಲ ಒಟ್ಟಿಗೆ ಹೊಡೆದುಕೊಂಡವು.

ಏರಿಯ ಮೇಲೆ ಮೂಟಣ್ಣ ಕಿವಿ ನಿಮಿರಿಸಿದ. ಗಂಟೆ ಎಂದರೆ ಪ್ರಸಾದ, ಪ್ರಸಾದ ಎಂದರೆ ಬೆಲ್ಲ. ಎದ್ದವನೇ ಓಡಿ ಬಂದ. ಗೂಡಿನ ಮುಂದೆ ಬಂದು ನಿಂತರೆ ಏಳು ಬಾಗಿಲು, ಯಾವುದರಲ್ಲಿ ಹೋಗಬೇಕೋ ತಿಳಿಯಲಿಲ್ಲ. ಮೂಟಣ್ಣ ಹೆಚ್ಚು ಯೋಚಿಸುವವನಲ್ಲ, ಎರಡು ಬಾಗಿಲ ನಡುವೆ ನುಗ್ಗಿಬಿಟ್ಟ.

ಹಗ್ಗ ಹರಿಯಿತು. ಒಂದು ಬಾಗಿಲು ಇನ್ನೊಂದರ ಮೇಲೆ, ಅದು ಮತ್ತೊಂದರ ಮೇಲೆ, ಹೀಗೆ ಏಳೂ ಧಡಧಡನೆ ಉರುಳಿದವು. ಬಚ್ಚಲಮನೆಯ ಬಾಗಿಲು ಗುಳ್ಳಪ್ಪನ ಮೇಲೆಯೇ ಬಿತ್ತು, ಅವನ ತಲೆ ಕೊಳೆತ ತೂತಿನೊಳಗಿಂದ ಈಚೆ ಬಂತು. ಬದುಕಿದೆಯಾ ಬಡಜೀವವೇ ಎಂದು ಅವನು ಕೊರಳಲ್ಲಿ ಬಾಗಿಲು ಹಾಕಿಕೊಂಡೇ ಕಾಡಿಗೆ ಓಡಿದ. ಪಾಪ, ಬಾಗಿಲು ಅಡ್ಡ ಬಂದು ತನ್ನ ಬಿಲದೊಳಗೆ ಹೋಗಲಾರದೆ ಎಂಟು ದಿನ ಹೊರಗೇ ಮಲಗಿದ. ದಾರಿಯಲ್ಲಿ ಹೋಗುವ ಮೊಲಗಳೆಲ್ಲ ಆ ಬಾಗಿಲನ್ನು ತಟ್ಟಿ, ಮನೆಯಲ್ಲಿ ಯಾರಾದರೂ ಇದ್ದೀರಾ ಎಂದು ಕೇಳಿ ಓಡಿಹೋಗುತ್ತಿದ್ದವು.

ಇಲ್ಲಿ ಮೂಟಣ್ಣ ಅವಶೇಷ ಸರಿಸಿ ಕೊಪ್ಪರಿಗೆಯನ್ನು ಎತ್ತಿದ. ಒಂಬತ್ತು ಮೊಟ್ಟೆಯೂ ಬೆಚ್ಚಗಿದ್ದವು. ಚುಕ್ಕವ್ವ ಅವನ್ನು ಒಂದೊಂದಾಗಿ ಮುಟ್ಟಿ ನೋಡಿ ಅತ್ತುಬಿಟ್ಟಳು. ಕೆಂಜುಟ್ಟಪ್ಪ ತಿಪ್ಪೆ ಹತ್ತದೆ, ಹರಿದ ಹಗ್ಗವನ್ನು ಕೊಕ್ಕಿನಿಂದ ಎಳೆದು ಬದಿಗೆ ಹಾಕಿದ.

ಮೂರು ದಿನದಲ್ಲಿ ಹೊಸ ಗೂಡು ಎದ್ದಿತು, ಈ ಸಲ ಮೇಸ್ತ್ರಿ ಚುಕ್ಕವ್ವ. ಮೂರು ಇಟ್ಟಿಗೆಯ ಮೇಲೆ ಬೋರಲು ಕೂತ ಕೊಪ್ಪರಿಗೆಯೇ ಮಲಗುವ ಮನೆ. ಅದರ ಸುತ್ತ ಐದು ಬಾಗಿಲುಗಳನ್ನು ನೆಟ್ಟು, ಮೊಳೆ ಹೊಡೆದು, ಮರಿಗಳು ಓಡಾಡಲು ಅಂಗಳ ಮಾಡಿದರು. ಅಂಗಳದ ಮೇಲೆ ತಂತಿಬಲೆ. ಗಂಟೆಯ ಬಾಗಿಲು ಒಂದನ್ನು ಮಾತ್ರ ತೆರೆಯುವಂತೆ ಬಿಟ್ಟು, ಇದ್ದ ಒಂದು ಚಿಲಕವನ್ನು ಅದಕ್ಕೇ ಹಾಕಿದರು. ಕಚೇರಿಯ ಹಲಗೆಯನ್ನು ಕಿತ್ತು ಕೊಪ್ಪರಿಗೆಗೆ ತೂಗುಹಾಕಿದರು. ಮೂಟಣ್ಣನಿಗೆ ಬೆಲ್ಲ ಸಿಕ್ಕಿತು.

ಒಂಬತ್ತು ಮರಿಗಳೂ ಹೊರಬಂದವು. ಆ ಸಂಜೆ ಬಾಲವಿಲ್ಲದ ಕೆಂಜುಟ್ಟಪ್ಪ ಕೊಪ್ಪರಿಗೆಯ ಮುಂದೆ ಬಂದು, ಹಲಗೆ ನೋಡಿ, ಜುಟ್ಟು ತಗ್ಗಿಸಿದ.

"ಒಳಗೆ ಬರಲು ಅಪ್ಪಣೆಯೇ?" ಎಂದ.

ಒಳಗೆ ಮರಿಗಳು ಚಿಂವ್ ಚಿಂವ್ ಎಂದವು. "ಯಾರು ಅಂತ ಮೊದಲು ಕೇಳಿ ಮಕ್ಕಳೇ, ಆಮೇಲೆ ಅಪ್ಪಣೆ ಕೊಡಿ," ಎಂದಳು ಚುಕ್ಕವ್ವ.

ನೀತಿ: ಮನೆಯನ್ನು ಒಳಗಿರುವವರಿಗಾಗಿ ಕಟ್ಟಬೇಕು, ನೋಡುವವರಿಗಾಗಿ ಬಾಗಿಲು ಹೆಚ್ಚಿಸಿದವನು ಕಳ್ಳನಿಗೆ ದಾರಿ ಹೆಚ್ಚಿಸಿದಂತೆ.